ಗೊಗ್ಗಯ್ಯನ ಬಾಯಿಯ ಅಚ್ಚು

"ಅಕ್ಕಾ, ಕೂತಿದ್ದೀಯಾ, ನಿಂತಿದ್ದೀಯಾ? ನಿಂತಿದ್ರೆ ಮೊದ್ಲು ಕೂತ್ಕೋ. ಅಮ್ಮ ಗೊಗ್ಗಯ್ಯಂಗೆ ಹಲ್ಲು ಸೆಟ್ ಮಾಡಿಕೊಡ್ತಾಳಂತೆ!"

ಫೋನಿನ ಆ ಕಡೆ ಅಕ್ಕನಿಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕೇಳಿದಳು.

"ಯಾವ ಗೊಗ್ಗಯ್ಯ? ನಮ್ಮ ಗೊಗ್ಗಯ್ಯಾನಾ?"

"ಇನ್ನೆಷ್ಟು ಜನ ಇದಾರೆ ಗೊಗ್ಗಯ್ಯಂದಿರು? ಅವನೇ. ಇನ್ನೇನು ಬಂದೇಬಿಡ್ತಾನೆ. ಅವನ ಬಾಯೊಳಗೆ ಕೈ ಹಾಕೋರು ಯಾರು ಹೇಳು ನೋಡೋಣ? ನಾನು!"

"ಥೂ! ಕೈ ಹಾಕಿದ ಮೇಲೆ ಆ ಕೈಯನ್ನ ಅಲ್ಲೇ ಬಿಟ್ಟು ಬಾರೇ. ಮನೆಗೆ ತರಬೇಡ."

"ನಗಬೇಡ ಕಣೇ, ಎರಡು ಜೊತೆ ಕೈಗವಸು ಹಾಕ್ಕೊಳ್ಳೋಣ ಅಂತಿದೀನಿ."

"ಒಂದು ಕೆಲಸ ಮಾಡು. ಮೇಲಿನ ಹಲ್ಲು ಕೆಳಗೆ, ಕೆಳಗಿನ ಹಲ್ಲು ಮೇಲೆ ಕೂರಿಸ್ಬಿಡು. ಆವಾಗ್ಲಾದ್ರೂ ಬಾಯಿಂದ ನೆಟ್ಟಗಿರೋ ಮಾತು ಬರುತ್ತೇನೋ."

ಗೊಗ್ಗಯ್ಯ ಎಂಬುದು ಅಕ್ಕ ಮತ್ತು ನಾನು ಚಿಕ್ಕವರಿದ್ದಾಗ ಇಟ್ಟ ಹೆಸರು. ಆತ ನಮ್ಮ ಚರ್ಚಿನ ಹಿರಿಯರಲ್ಲಿ ಒಬ್ಬ. ಅಪ್ಪ ನಮ್ಮನ್ನು ಬಿಟ್ಟು ಹೋದ ವರ್ಷ, ಆರಾಧನೆ ಮುಗಿದು ಜನ ಇನ್ನೂ ಬೆಂಚುಗಳಿಂದ ಏಳುವ ಮೊದಲೇ ಎದ್ದು ನಿಂತು, "ಗಂಡನ್ನ ಮನೇಲಿ ಇಟ್ಟುಕೊಳ್ಳೋಕೆ ಆಗದೆ ಇರೋರು ದೇವರ ಮುಂದೆ ನಿಂತು ಹಾಡೋದು ಎಷ್ಟು ಸರಿ?" ಎಂದು ಕೇಳಿದವನು. ಗಾಯಕರ ಸಾಲಿನಲ್ಲಿದ್ದ ಅಮ್ಮ ಹಾಡುಪುಸ್ತಕವನ್ನು ಬೆಂಚಿನ ಮೇಲಿಟ್ಟು, ನಮ್ಮಿಬ್ಬರ ಕೈ ಹಿಡಿದು ಹೊರಗೆ ನಡೆದಳು. ಮುಂದಿನ ವಾರ ಮತ್ತೆ ಬಂದಳು, ಕೊನೆಯ ಬೆಂಚಿಗೆ. ಗಾಯಕರ ಸಾಲಿಗೆ ಹಿಂದಿರುಗಲೇ ಇಲ್ಲ.

ಇನ್ನೊಂದು ವಿಷಯ ನನಗೆ ಮಾತ್ರ ಗೊತ್ತು, ಏಕೆಂದರೆ ಅವಳ ಪಕ್ಕದಲ್ಲಿ ಕೂರುವವಳು ನಾನು. ಎಲ್ಲರೂ ಒಟ್ಟಾಗಿ ಹೇಳುವ ಪ್ರಾರ್ಥನೆಯಲ್ಲಿ, ನಮಗೆ ಕೇಡು ಮಾಡಿದವರನ್ನು ನಾವೂ ಕ್ಷಮಿಸಿದ್ದೇವೆ ಎನ್ನುವ ಮಾತು ಬಂದಾಗ ಅಮ್ಮನ ತುಟಿ ಮುಚ್ಚಿಕೊಳ್ಳುತ್ತದೆ. ಅದು ದಾಟಿದ ಮೇಲೆ ಮತ್ತೆ ತೆರೆದುಕೊಳ್ಳುತ್ತದೆ.

ಅಮ್ಮ ಹಲ್ಲಿನ ಡಾಕ್ಟರ್. ಔಷಧದಂಗಡಿಯ ಮೇಲೆ ಎರಡು ಕೋಣೆಯ ಕ್ಲಿನಿಕ್. ನಾನೂ ಅದನ್ನೇ ಓದುತ್ತಿದ್ದೇನೆ. ರಜೆಗೆಂದು ಬಂದವಳು ನಿದ್ದೆ ಮಾಡಿಕೊಂಡು, ಫೋನ್ ಒತ್ತಿಕೊಂಡು ಹಾಯಾಗಿದ್ದೆ. ಹೋದ ವಾರ ಅಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ನನ್ನ ರಜೆ ಅಲ್ಲಿಗೆ ಮುಗಿಯಿತು. ಅವಳ ಬಾಯಿ, ನನ್ನ ಕೈ. ಹಾಗೆ ನಡೆಯುತ್ತಿತ್ತು ಕ್ಲಿನಿಕ್.

ಗೊಗ್ಗಯ್ಯ ಮೆಟ್ಟಿಲು ಹತ್ತುವುದು ಕೇಳಿಸುವ ಮೊದಲೇ ಆತ ಗಂಟಲು ಕೆರೆಯುವುದು ಕೇಳಿಸಿತು. ಒಳಗಿಂದ ಏನನ್ನೋ ಕೆತ್ತಿ ತೆಗೆದು, ಮೆಟ್ಟಿಲ ಮೂಲೆಗೆ ಉಗಿದ ಸದ್ದು. ಆಮೇಲೆ ಬಾಗಿಲಲ್ಲಿ ಆತ. ಕಿವಿಯಲ್ಲಿ ಪೊದೆ, ಕಾಲರಿನ ಒಳಗೆ ಕಂದು ಗೆರೆ, ತುಟಿಯ ಎರಡೂ ಮೂಲೆಗಳಲ್ಲಿ ಒಣಗಿದ ಬಿಳಿ ನೊರೆ. ಕುರ್ಚಿಯಲ್ಲಿ ಕೂತವನೇ ಹಳೆಯ ಸೆಟ್ಟನ್ನು ಬಾಯಿಂದ ಕಿತ್ತು ನನ್ನ ಅಂಗೈ ಮೇಲಿಟ್ಟ. ಬೆಚ್ಚಗಿತ್ತು! ಹಲ್ಲುಗಳ ಸಂದಿಯಲ್ಲಿ ಹಳದಿ ಗಾರೆ ಕಟ್ಟಿತ್ತು, ಅದರ ಮೇಲೆ ಬೆಳಗಿನ ತಿಂಡಿ ಏನೆಂಬುದರ ಪೂರ್ತಿ ವಿವರ. ಒಂದು ಎಳೆ ಜೊಲ್ಲು ಆತನ ತುಟಿಯಿಂದ ನನ್ನ ಕೈಗವಸಿನವರೆಗೆ ಸೇತುವೆ ಕಟ್ಟಿ ತೂಗಾಡುತ್ತಿತ್ತು. ವಾರಗಟ್ಟಲೆ ನೀರು ಬದಲಿಸದ ಹೂದಾನಿಯ ವಾಸನೆ ನನ್ನ ಮಾಸ್ಕಿನೊಳಗೂ ಬಂತು.

"ಎಲ್ಲಾ ಡಾಕ್ಟರ್‌ಗಳೂ ಕಳ್ಳರು," ಎಂದ ಗೊಗ್ಗಯ್ಯ. ಹಲ್ಲಿಲ್ಲದ ಬಾಯಿಂದ ಮಾತಿನ ಜೊತೆ ತುಂತುರೂ ಬಂತು. "ನಾಲ್ಕು ಕಡೆ ಹೋಗಿ ಜಗಳ ಆಡ್ಕೊಂಡು ಬಂದೆ. ಇನ್ಯಾರೂ ಉಳಿದಿರಲಿಲ್ಲ, ಅದಕ್ಕೆ ಇಲ್ಲಿಗೆ ಬಂದೆ."

"ಒಳ್ಳೇದಾಯ್ತು ಬಿಡಿ," ಎಂದಳು ಅಮ್ಮ. ಅವಳ ದನಿಯಲ್ಲಿ ಏನೂ ಇರಲಿಲ್ಲ, ಸಿಟ್ಟೂ ಇಲ್ಲ, ಸಕ್ಕರೆಯೂ ಇಲ್ಲ. "ಬಾಯಿ ತೆಗೀರಿ. ಅಯ್ಯೋ, ವಸಡೆಲ್ಲ ಹುಣ್ಣಾಗಿದೆ. ಏನು ತಿಂತಿದ್ದೀರಿ ಇಷ್ಟು ದಿನ?"

"ಹಾಲಲ್ಲಿ ನೆನೆಸಿದ ಬ್ರೆಡ್ಡು. ಇನ್ನೇನು ತಿನ್ನಲಿ, ನಿನ್ನ ತಲೆ?"

ಅಚ್ಚು ತೆಗೆಯುವುದು ಕಷ್ಟದ ಕೆಲಸವಲ್ಲ. ಗುಲಾಬಿ ಬಣ್ಣದ ಪುಡಿಯನ್ನು ನೀರಲ್ಲಿ ಹಿಟ್ಟಿನಂತೆ ಕಲಸಿ, ಟ್ರೇಗೆ ತುಂಬಿ, ಬಾಯೊಳಗೆ ಒತ್ತಿ, ಅದು ಗಟ್ಟಿಯಾಗುವವರೆಗೆ ಅಲುಗಾಡಿಸದೆ ಹಿಡಿದಿರಬೇಕು. ಅಷ್ಟೇ. ಆ ಹೊತ್ತು ನನ್ನ ಎರಡು ಬೆರಳು ಆತನ ಅಂಗುಳದ ಕೆಳಗಿದ್ದವು. ಬಿಸಿ, ಲೋಳೆ, ಮತ್ತು ಒಳಗೆ ದಾರಿ ತಪ್ಪಿದ ಬಸವನಹುಳುವಿನಂತೆ ಹೊರಳುವ ನಾಲಿಗೆ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕಿಟಕಿ ನೋಡಿದೆ. ನನ್ನ ಇಷ್ಟದ ಐಸ್‌ಕ್ರೀಂ ನೆನೆಸಿಕೊಂಡೆ, ಅದು ದೊಡ್ಡ ತಪ್ಪಾಯಿತು. ಇನ್ನು ಮುಂದೆ ಅದನ್ನೂ ತಿನ್ನುವ ಹಾಗಿಲ್ಲ.

ಗೊಗ್ಗಯ್ಯ ಬಾಯಿ ತುಂಬ ಹಿಟ್ಟು ಇಟ್ಟುಕೊಂಡೇ ನನ್ನ ಮುಖ ದಿಟ್ಟಿಸಿದ. ಮಾಸ್ಕು ಮೂಗಿನಿಂದ ಜಾರಿತ್ತು.

"ಅಪ್ಪಂದೇ ಮೂಗು," ಎಂದ, ತೊದಲುತ್ತ. "ಓಡಿಹೋದವನ ಮೂಗು."

ನನ್ನ ಕೈ ತಾನಾಗಿಯೇ ಹಿಂದೆ ಬಂತು. ಚಪ್ ಎಂದು ಟ್ರೇ ಹೊರಗೆ. ಗೊಗ್ಗಯ್ಯ ಬೇಸಿನ್ನಿಗೆಂದು ಉಗಿದದ್ದು ನನ್ನ ಚಪ್ಪಲಿಗೆ ಬಿತ್ತು. ಅಮ್ಮ ಬೆನ್ನು ಹಾಕಿ ಎಡಗೈಯಲ್ಲಿ ಔಷಧದ ಚೀಟಿ ಬರೆಯಲು ಒದ್ದಾಡುತ್ತಿದ್ದಳು, ನೋಡಲಿಲ್ಲ. ನಾನು ಬಚ್ಚಲಿಗೆ ಓಡಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ತೊಳೆದ ಕೈಯನ್ನು ಮತ್ತೆ ತೊಳೆದೆ.

ಆತ ಹೋದ ಮೇಲೆ ಹಿಂದಿನ ಕೋಣೆಯಲ್ಲಿ ಅಚ್ಚಿಗೆ ಪ್ಲಾಸ್ಟರ್ ಹೊಯ್ದೆ. ಅದು ಒಣಗಿದ ಮೇಲೆ ಬಿಡಿಸಿಕೊಟ್ಟೆ. ಅಮ್ಮ ಎಡಗೈಯಲ್ಲಿ ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅಂಗುಳದ ಜಾಗದಲ್ಲಿ ಹಿಟ್ಟು ಎಳೆದುಕೊಂಡು ಬಂದಿತ್ತು. ವಸಡಿನ ಅಂಚು ಒಂದು ಕಡೆ ಮಡಚಿಕೊಂಡಿತ್ತು.

"ಗಟ್ಟಿಯಾಗೋ ಮೊದ್ಲೇ ಎಳೆದುಬಿಟ್ಟಿದ್ದೀಯ."

"ಹ್ಞೂಂ."

"ಇದು ಅವರ ಬಾಯಲ್ಲ, ಪುಟ್ಟಿ. ಇದು ನಿನ್ನ ಅಸಹ್ಯದ ಅಚ್ಚು. ಇದರ ಮೇಲೆ ಸೆಟ್ ಕಟ್ಟಿದ್ರೆ ನಿನ್ನ ಅಸಹ್ಯಕ್ಕೆ ಸರಿಯಾಗಿ ಕೂರುತ್ತೆ. ಅವರ ಹುಣ್ಣಿನ ಮೇಲೆ ಇನ್ನೊಂದು ಹುಣ್ಣು ಮಾಡುತ್ತೆ."

"ಮಾಡ್ಲಿ ಬಿಡು! ನಿನ್ನನ್ನ ಅಷ್ಟು ಜನರ ಮುಂದೆ... ಇವತ್ತೂ ಅಪ್ಪನ ಮೂಗು ಅಂದ, ನೀನು ಕೇಳಿಸ್ಕೊಂಡ್ಯಾ?"

"ಕೇಳಿಸ್ತು."

"ಆದ್ರೂ ಅವನ ಮೇಲೆ ಪ್ರೀತಿ ಉಕ್ಕಿ ಹರೀತಿದೆಯಾ ನಿಂಗೆ?"

ಅಮ್ಮ ನಕ್ಕಳು. ನಿಜವಾಗಿ ನಕ್ಕಳು.

"ಪ್ರೀತಿನಾ? ಅವರು ಗಂಟಲು ಕೆರೆದಾಗ ನಂಗೆ ಎದ್ದು ಓಡಿಹೋಗೋಣ ಅನ್ಸುತ್ತೆ ಕಣೇ. ಅವರ ದನಿ ಕೇಳಿದ್ರೆ ಇವತ್ತಿಗೂ ಹಾಡುಪುಸ್ತಕ ಕೆಳಗಿಟ್ಟಿದ್ದೇ ನೆನಪಾಗುತ್ತೆ. ಶತ್ರುವನ್ನ ಪ್ರೀತಿಸಿ ಅಂದ ಯೇಸುಸ್ವಾಮಿ, ಅವರ ವಾಸನೆ ಇಷ್ಟಪಡಿ ಅಂತ ಎಲ್ಲಾದ್ರೂ ಹೇಳಿದಾರಾ? ನಾನೂ ಇಷ್ಟು ವರ್ಷ ಮನಸ್ಸು ಕರಗಲಿ ಅಂತ ಕಾದೆ. ಕರಗಲೇ ಇಲ್ಲ. ಪ್ರತಿ ವಾರ ಬಾಯಿ ಮುಚ್ಕೊಂಡು ಕೂತೆ."

"ಗೊತ್ತು. ಪ್ರಾರ್ಥನೇಲಿ."

ಅಮ್ಮ ನನ್ನನ್ನು ನೋಡಿದಳು. ಸಿಕ್ಕಿಬಿದ್ದವಳ ಮುಖ.

"ನೋಡಿಬಿಟ್ಯಾ? ಹದಿನೈದು ದಿನದ ಹಿಂದೆ ಅವರೇ ಫೋನ್ ಮಾಡಿ ಹಲ್ಲು ಬೇಕು ಅಂದಾಗ ಅನ್ಕೊಂಡೆ, ಮನಸ್ಸು ಮಾಡದೆ ಇದ್ದಿದ್ದನ್ನ ಕೈಯಾದ್ರೂ ಮಾಡ್ಲಿ ಅಂತ. ಒಂದು ಸೆಟ್ ಹಲ್ಲು, ಎಲ್ಲೂ ಚುಚ್ಚದ ಹಾಗೆ, ನನ್ನ ಸ್ವಂತ ಮಗಳಿಗೆ ಮಾಡೋ ಹಾಗೆ ಮಾಡಿಕೊಟ್ರೆ, ಕ್ಷಮಿಸಿದ್ದೀವಿ ಅನ್ನೋ ಆ ಮಾತು ನನ್ನ ಬಾಯಿಂದ ಸುಳ್ಳಾಗದೆ ಬರುತ್ತೇನೋ ಅಂತ. ನೋಡಿದ್ರೆ ಕೈ ಮುರ್ಕೊಂಡೆ. ಈಗ ನಿನ್ನ ಕೈನೇ ಬೇಕು. ಆಗಲ್ಲ ಅಂದ್ರೆ ಹೇಳು, ನನ್ನದು ವಾಸಿಯಾಗೋವರೆಗೆ ಕಾಯ್ತೀನಿ. ಅವರು ಬ್ರೆಡ್ಡು ತಿಂತಾ ಇರ್ತಾರೆ."

ನಾನು ಆ ಪ್ಲಾಸ್ಟರಿನ ಬಾಯಿಯನ್ನು ಕೈಗೆ ತೆಗೆದುಕೊಂಡೆ. ನುಣುಪಾಗಿತ್ತು, ತಣ್ಣಗಿತ್ತು, ವಾಸನೆ ಇರಲಿಲ್ಲ. ಇಂಥ ಬಾಯಾದರೆ ಯಾರು ಬೇಕಾದರೂ ಪ್ರೀತಿಸಬಹುದು. ಆದರೆ ಇಂಥ ಬಾಯಿ ಯಾರಿಗೂ ಇಲ್ಲ. ಆತನ ಬಾಯಿ ಬಿಸಿ, ನಾರುವುದು, ಹುಣ್ಣು ತುಂಬಿದ್ದು, ಒಳಗಿಂದ ಕೆಟ್ಟ ಮಾತು ಬರುವಂಥದ್ದು. ಅಚ್ಚು ಬೇಕಾಗಿರುವುದು ಅದರದ್ದು.

ಕಸದ ಡಬ್ಬಿಗೆ ಹಾಕಿದೆ. ಟಕ್ ಎಂದು ಒಡೆಯಿತು.

"ಎಷ್ಟು ಹೊತ್ತು ಹಿಡೀಬೇಕು?" ಎಂದು ಕೇಳಿದೆ. ನನಗೆ ಗೊತ್ತಿರಲಿಲ್ಲವೆಂದಲ್ಲ.

"ಗಟ್ಟಿಯಾಗೋವರೆಗೆ. ಅವರು ಏನೇ ಅಂದ್ರೂ."

ಫೋನ್ ನಾನೇ ಮಾಡಿದೆ. ರಿಂಗ್ ಆಗುತ್ತಿದ್ದಂತೆ ತೊಳೆದ ಕೈಯನ್ನೇ ಮತ್ತೆ ಬಟ್ಟೆಗೆ ಒರೆಸಿಕೊಂಡೆ, ಅಸಹ್ಯ ಎಲ್ಲೂ ಹೋಗಿರಲಿಲ್ಲ. ಆ ಕಡೆ ಗಂಟಲು ಕೆರೆದ ಸದ್ದು ಮೊದಲು ಬಂತು. ಆಮೇಲೆ "ಯಾರು?"

"ಹಲ್ಲಿನ ಡಾಕ್ಟರ್ ಮಗಳು, ಅಂಕಲ್. ಅಚ್ಚು ಸರಿಯಾಗಿ ಬಂದಿಲ್ಲ. ಇನ್ನೊಂದ್ಸಲ ತೆಗೀಬೇಕು."

"ಹಾಳು ಮಾಡ್ಬಿಟ್ಯಾ? ಗೊತ್ತಿತ್ತು ನಂಗೆ. ತಾಯಿಗೆ ತಕ್ಕ ಮಗಳು."

ಬಾಯಿಗೆ ಬಂದ ಉತ್ತರ ಬಹಳ ಚೆನ್ನಾಗಿತ್ತು. ಅಕ್ಕ ಕೇಳಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು. ನುಂಗಿಕೊಂಡೆ. ಅದರ ರುಚಿಯೂ ಅಸಹ್ಯವಾಗಿತ್ತು.

"ಹೌದು ಅಂಕಲ್, ತಪ್ಪು ನಂದೇ. ನಾಳೆ ಬರ್ತೀರಾ?"

ಆ ಕಡೆ ಗಂಟಲು ಇನ್ನೊಮ್ಮೆ ಕೆರೆದ ಸದ್ದು. ತಪ್ಪು ಒಪ್ಪಿಕೊಂಡವರೊಡನೆ ಹೇಗೆ ಜಗಳವಾಡುವುದೆಂದು ಆತನಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

"ಆ ಹಿಟ್ಟು ವಾಂತಿ ಬರೋ ಹಾಗಿದೆ," ಎಂದ ಕೊನೆಗೆ, ಮೆಲ್ಲಗೆ. "ನಿನ್ನ ಕೈಗವಸು ಅದಕ್ಕಿಂತ ಅಸಹ್ಯ. ರಬ್ಬರ್ ವಾಸನೆ. ಹೇಗೋ ತಡ್ಕೊಂಡೆ."

ಆತನೂ ತಡೆದುಕೊಂಡಿದ್ದನೇ! ಇದು ನನಗೆ ಹೊಳೆದೇ ಇರಲಿಲ್ಲ.

"ನಾಳೆ ಇಬ್ರೂ ಇನ್ನೂ ಸ್ವಲ್ಪ ತಡ್ಕೊಳ್ಳೋಣ, ಅಂಕಲ್. ಬೆಳಗ್ಗೆ ಹತ್ತು ಗಂಟೆಗೆ?"

"ಹತ್ತಕ್ಕೆ ಬಿಸಿಲು. ಒಂಬತ್ತಕ್ಕೆ ಬರ್ತೀನಿ. ಬಾಗಿಲು ತೆಗೆದಿರು, ಮೆಟ್ಟಿಲ ಮೇಲೆ ಕಾಯೋಕಾಗಲ್ಲ ನಂಗೆ."

"ತೆಗೆದಿರ್ತೀನಿ. ಆ ಮೆಟ್ಟಿಲ ಮೂಲೆಗೆ ಮಾತ್ರ..."

ಫೋನ್ ಇಟ್ಟುಬಿಟ್ಟಿದ್ದ. ಒಂಬತ್ತಕ್ಕೆ ಎಂದು ಅಮ್ಮನಿಗೆ ಹೇಳಿ, ಮೆಟ್ಟಿಲು ತೊಳೆಯಲು ಬಕೆಟ್ಟಿಗೆ ನೀರು ಹಿಡಿದೆ.