ಬೇರೆ ಇಟ್ಟ ಲೋಟ

ಸೆರಗಿನಲ್ಲಿ ಮುಚ್ಚಿಕೊಂಡು ತಂದ ಸ್ಟೀಲ್ ಲೋಟವನ್ನು ಮಮತ ಇನ್ನೇನು ಹಂಡೆಗೆ ಇಳಿಬಿಡಬೇಕು, ಅಷ್ಟರಲ್ಲಿ ಅತ್ತೆಯ ಅಕ್ಕ ಮುತ್ಯಾಲಮ್ಮ ಗಬಕ್ಕನೆ ಅವಳ ಮಣಿಕಟ್ಟು ಹಿಡಿದಳು.

"ಬುದ್ಧಿ ನೆಟ್ಟಗೈತಾ ನಿಂಗೆ? ಹೆಣಕ್ಕೆ ನೀರು ಹಾಕಕ್ಕೆ ಕಾಯಿಸ್ತಿರೋದು ಕಣಮ್ಮ ಅದು."

ಮಮತಳಿಗೆ ಗೊತ್ತಿಲ್ಲದ್ದೇನಲ್ಲ. ಅತ್ತೆ ಸಪ್ಪಲಮ್ಮ ಬೆಳಗಿನ ಜಾವ ಎದೆ ಹಿಡಿದುಕೊಂಡವಳು ಹಾಗೇ ಹೋಗಿಬಿಟ್ಟಿದ್ದಳು. ಹೆಣ ಮನೆಯಲ್ಲಿರುವ ತನಕ ಒಳಗೆ ಗ್ಯಾಸ್ ಹಚ್ಚುವಂತಿಲ್ಲ. ಉರಿಯುತ್ತಿದ್ದುದು ಅಂಗಳದ ಈ ಒಂದೇ ಒಲೆ. ಒಂಬತ್ತೂಮುಕ್ಕಾಲಾಗಿತ್ತು. ಹತ್ತಕ್ಕೆ ಅವಳು ಮಾತ್ರೆ ನುಂಗಲೇಬೇಕು. ದೊಡ್ಡಬೆಳವಂಗಲಕ್ಕೆ ಹೂವು ತರಲು ಹೋದ ಗಂಡ ಜಯಕುಮಾರ ಬರುವಾಗ ಬಾಟಲಿ ನೀರು ತರುತ್ತೇನೆಂದಿದ್ದ, ಅವನ ಸುಳಿವೇ ಇಲ್ಲ. ಬಂದವರಿಗೆ ಪಕ್ಕದ ಮನೆಯಿಂದ ತಂದ ಕಾಫಿ ಕೊಟ್ಟ ಲೋಟಗಳನ್ನೆಲ್ಲ ಒಂದೇ ಬಕೆಟ್ಟಿನಲ್ಲಿ ಅದ್ದಿ ಎತ್ತುತ್ತಿದ್ದರು. ಗಡಿಬಿಡಿಯಲ್ಲಿ ಅವಳ ಲೋಟವೂ ಅದರಲ್ಲಿ ಸೇರಿಬಿಟ್ಟಿತ್ತು. ಅದನ್ನು ಕಂಡವಳೇ ಎತ್ತಿಕೊಂಡು ಒಲೆಯ ಹತ್ತಿರ ಬಂದಿದ್ದಳು.

"ನಮ್ ಸಪ್ಪಲಿ ನಿಂಗೆ ಬೇರೆ ಇಟ್ಟಿದ್ದ ಲೋಟ ಅಲ್ವಾ ಇದು? ಅವ್ಳು ಸತ್ರೂ ಇದನ್ನೇ ಹಿಡ್ಕಂಡಿದ್ದೀಯಲ್ಲಮ್ಮ," ಎಂದಳು ಮುತ್ಯಾಲಮ್ಮ. "ಸೊಸೇನ ಹಿಂಗಾ ನಡೆಸ್ಕಳದು ಅಂತ ಕೇಳಿದ್ದಕ್ಕೆ ಒಡಹುಟ್ಟಿದ ಅಕ್ಕನ ಮೇಲೇ ಜಗಳಕ್ಕೆ ಬಂದ್ಳು. ಮೂರು ವರ್ಷ ನಾನು ಈ ಹೊಸಲು ತುಳೀಲಿಲ್ಲ."

* * *

ಐದು ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಮತಳಿಗೆ ಅವಳ ತಾಯಿಯ ಕಿಡ್ನಿ ಹಾಕಿದ್ದರು. ಕಾಯಿಸದ ನೀರು, ಇನ್ನೊಬ್ಬರ ಎಂಜಲು ಯಾವುದೂ ತಾಗಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು.

"ಊರಲ್ಲಿ ಕಲ್ಲಿನ ಆಪರೇಷನ್ ಅಂತ ಹೇಳಣ ಅತ್ತೆ. ಎಲ್ರೂ ಅಯ್ಯೋ ಪಾಪ ಅಂತ ನೋಡಿದ್ರೆ ನಂಗೆ ತಡ್ಕಳಕ್ಕಾಗಲ್ಲ."

"ಆಯ್ತು ಬಿಡು. ನನ್ ಬಾಯಿಂದ ಬರಲ್ಲ."

ಬರಲೂ ಇಲ್ಲ. ದಿನಾ ಸಪ್ಪಲಮ್ಮ ಮಮತಳ ಲೋಟ ತಟ್ಟೆಗಳನ್ನು ಸೋಪು ಹಾಕಿ ಉಜ್ಜಿ, ತೊಳೆದು, ಕುದಿಯುವ ನೀರಿಗೆ ಹಾಕುವಳು. ಗಡಿಯಾರ ನೋಡಲು ಬಾರದು. ಧಾರಾವಾಹಿಯ ನಡುವೆ ಎರಡು ಸಲ ಜಾಹೀರಾತು ಬಂದುಹೋದರೆ ಕುದ್ದದ್ದು ಸಾಕು. ಆಮೇಲೆ ಒಗೆದ ಬಟ್ಟೆಯ ಮೇಲೆ ಬೋರಲು ಹಾಕುವಳು. ಮುತ್ಯಾಲಮ್ಮ ತಿಳಿಯದೆ ಆ ಲೋಟ ಬಾಯಿಗಿಟ್ಟ ದಿನ ಸಪ್ಪಲಮ್ಮ ಕಿತ್ತುಕೊಂಡೇ ಬಿಟ್ಟಳು. ಸೊಸೆಗೆ ತಟ್ಟೆ ಬೇರೆ ಇಟ್ಟ ಗಯ್ಯಾಳಿ ಎಂದು ಊರು ಆಡಿಕೊಂಡಿತು. ಊರಿನ ಬಾಯಿಗೇನು ಬೀಗವೇ?

* * *

ಈಗಲೂ ಸುಮ್ಮನಿದ್ದರೆ ಅತ್ತೆ ಆ ಕೆಟ್ಟ ಹೆಸರು ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾಳೆ. ಮಮತಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ದೊಡ್ಡಮ್ಮ, ನಂಗೆ ಕಿಡ್ನಿ ಹಾಕವ್ರೆ. ಲೋಟ ಬೇರೆ ಇಡಿ ಅಂದಿದ್ದು ಡಾಕ್ಟ್ರು. ಯಾರ್ಗೂ ಹೇಳ್ಬೇಡಿ ಅಂದಿದ್ದು ನಾನು. ಅತ್ತೆ ಎಲ್ಲಾರ ಕೈಲೂ ಅನ್ನಿಸ್ಕಂಡು ಸುಮ್ನಿದ್ರು."

ಮುತ್ಯಾಲಮ್ಮನ ಹಿಡಿತ ಸಡಿಲವಾಯಿತು. "ನಂಗೂ ಹೇಳ್ಲಿಲ್ವಲ್ಲೇ ಮುಂಡೇದೆ," ಎಂದಳು, ತಂಗಿಯ ಕಡೆ ನೋಡಿ. ಆಮೇಲೆ ಮಮತಳತ್ತ ತಿರುಗಿದಳು. "ಎಷ್ಟೊತ್ತು ಕುದೀಬೇಕು?"

"ಹತ್ತು ನಿಮಿಷ."

ಮುತ್ಯಾಲಮ್ಮ ಹಂಡೆಯನ್ನು ಇಳಿಸಿ, ಕೊಳಾಯಿಯಿಂದ ಪಾತ್ರೆ ತುಂಬಿಸಿಕೊಂಡು ಬಂದು, ಲೋಟ ಮುಳುಗಿಸಿ ಒಲೆಯ ಮೇಲಿಟ್ಟಳು.

ಚಟ್ಟ ಕಟ್ಟುತ್ತಿದ್ದ ಪಕ್ಕದ ಮನೆಯ ಗಂಗಣ್ಣ ಎದ್ದು ಬಂದ. "ಇದೇನಕ್ಕಾ, ಹೆಣದ ನೀರು ಆರೋಗ್ತದಲ್ಲ?"

"ಆರ್ಲಿ. ಅವ್ಳಿಗೆ ತಣ್ಣೀರಾದ್ರೂ ನಡೀತದೆ."

ಗೋಡೆಗೆ ಒರಗಿಸಿ ಕೂರಿಸಿದ್ದ ಸಪ್ಪಲಮ್ಮನ ಸುತ್ತ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಕಾಯುತ್ತ ನಿಂತರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಮುತ್ಯಾಲಮ್ಮ, ಪಾತ್ರೆಯ ಹತ್ತಿರ ಬಂದವರನ್ನೆಲ್ಲ ಕೊಳ್ಳಿ ತೋರಿಸಿ ಅಟ್ಟುತ್ತಿದ್ದಳು.