ತಟ್ಟೆ ಬಡಿಯುವ ಓಣಿ

ಓಣಿಯ ಕೊನೆಯಲ್ಲಿ ಹದಿಹರೆಯದ ಮಕ್ಕಳ ಚಟ ಬಿಡಿಸುವ ಮನೆಯೊಂದು ಶುರುವಾದಾಗ, ಅದರ ಜೊತೆಗೇ ಒಂದು ಕೆಟ್ಟ ಪದ್ಧತಿಯೂ ಹುಟ್ಟಿಕೊಂಡಿತು. ಅಲ್ಲಿಯ ಮಕ್ಕಳು ಹೊರಗೆ ಬಂದರೆ ಮೊದಲು ಕಂಡವರು ತಟ್ಟೆ ಬಡಿಯಬೇಕು, ಉಳಿದವರೆಲ್ಲ ಬಾಗಿಲು ಹಾಕಿಕೊಳ್ಳಬೇಕು. ಇದನ್ನು ಹುಟ್ಟುಹಾಕಿದವಳು ಬಟ್ಟೆ ಹೊಲಿಯುವ ಅಕ್ಕ. ಕಿಟಕಿಯ ಪಕ್ಕದಲ್ಲೇ ಅವಳ ಹೊಲಿಗೆ ಯಂತ್ರ. ಓಣಿಯಲ್ಲಿ ಇಲಿ ಓಡಿದರೂ ಅವಳ ಕಣ್ಣು ತಪ್ಪುತ್ತಿರಲಿಲ್ಲ. ದೀಪದ ಬುಡದ ಕತ್ತಲೆ ಮಾತ್ರ, ಪಾಪ, ಕಂಡಿರಲಿಲ್ಲ.

ಒಬ್ಬರ ಸೈಕಲ್ ಹೋಯಿತು, ಇನ್ನೊಬ್ಬರ ನಲ್ಲಿ ಹೋಯಿತು. ಇನ್ಯಾರು, ಆ ಮನೆಯವರೇ! ಕಣ್ಣಾರೆ ಕಂಡವರಿಲ್ಲ. ಕಾಣುವುದಾದರೂ ಹೇಗೆ, ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದರಲ್ಲ? ಅಕ್ಕನ ದೊಡ್ಡ ಕತ್ತರಿಯೂ ಮಾಯವಾದ ಮೇಲಂತೂ ಅವಳು ತಟ್ಟೆ ನೆಗ್ಗುವಷ್ಟು ಬಡಿದಳು.

ಈ ನಡುವೆ ಅವಳ ಮಗ ಊಟ ಬಿಟ್ಟಿದ್ದ, ಹಗಲೆಲ್ಲ ಮಲಗಿರುತ್ತಿದ್ದ. ಓದಿನ ಆಯಾಸ ಎಂದುಕೊಂಡಳು ಅಕ್ಕ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಂಗಿ ಒಂದು ಮಧ್ಯಾಹ್ನ ಬಂದವಳು ಹುಡುಗನ ಕಣ್ಣು ನೋಡಿ ಅನುಮಾನಪಟ್ಟು ಹಾಸಿಗೆ ಎತ್ತಿದಳು. ಕೆಳಗೆ ಮತ್ತಿನ ಮಾತ್ರೆಯ ಖಾಲಿ ಪೊಟ್ಟಣಗಳು, ಜೊತೆಗೆ ಅದೇ ಕತ್ತರಿ. ಮಾರಲೆಂದು ಬಚ್ಚಿಟ್ಟಿದ್ದ.

"ಇವತ್ತೇ ಇವನನ್ನ ಆ ಮನೆಗೆ ಸೇರಿಸಕ್ಕಾ," ಎಂದಳು ತಂಗಿ.

"ಅಲ್ಲಿಗಾ? ನಾಳೆ ನಾನು ಈ ಓಣೀಲಿ ತಲೆ ಎತ್ತಿ ಓಡಾಡೋದು ಬೇಡ್ವೇನೇ?"

"ನೀನು ತಲೆ ಎತ್ಕೊಂಡೇ ಇರು, ಅವನು ಒಂದಿನ ಹಾಸಿಗೆಯಿಂದ ಏಳೋದೇ ಇಲ್ಲ. ಇಂಥವರನ್ನ ನಾನು ದಿನಾ ನೋಡ್ತೀನಿ. ಕಾಯಿಲೆ ಮುಚ್ಚಿಟ್ಟು ಉಳಿದವರು ಯಾರೂ ಇಲ್ಲ."

ಕತ್ತಲಾದ ಮೇಲೆ ಹೋದರಾಯಿತು ಎಂದು ಅಕ್ಕನಿಗೆ ಒಂದು ಗಳಿಗೆ ಅನ್ನಿಸಿತು. ಮಗ ಗೋಡೆ ಹಿಡಿದುಕೊಂಡು ನಿಲ್ಲುವುದನ್ನು ಕಂಡು, ತಡಮಾಡದೆ ಅವನ ಕೈ ಹಿಡಿದು ಹೊರಟಳು.

ನಾಲ್ಕು ಮನೆ ದಾಟಿರಲಿಲ್ಲ, ತಟ್ಟೆಯ ಸದ್ದು ಎದ್ದಿತು. ಬಡಿದವಳು ಎದುರು ಮನೆಯ ಅಜ್ಜಿ. ಕಣ್ಣು ಮಂಜಾದ ಅವಳಿಗೆ ತೂರಾಡುವ ಹುಡುಗ ಕಂಡನೇ ಹೊರತು ಮುಖ ಕಾಣಲಿಲ್ಲ. ಮುಖ ಕಂಡವರೂ ಇದ್ದರು. ಅವರೂ ಚಿಲಕ ಹಾಕಿಕೊಂಡರು. ಮಾಡಿದ್ದುಣ್ಣೋ ಮಹರಾಯ!

"ಯಾರು ಬಂದ್ರಮ್ಮ?" ಮಗ ಹೆದರಿ ಹಿಂದೆ ತಿರುಗಿ ನೋಡಿದ.

"ನಾವೇ ಕಣಪ್ಪ."

ಅಕ್ಕನಿಗೆ ಅಳು ಒತ್ತರಿಸಿ ಬಂತು. ಈ ಸದ್ದಿನಲ್ಲಿ ಎಷ್ಟು ತಾಯಂದಿರ ಮಕ್ಕಳು ತಲೆ ತಗ್ಗಿಸಿ ನಡೆದಿದ್ದರೋ. ಅವಳು ಮಗನ ಕೈ ಬಿಡಲಿಲ್ಲ, ನಡಿಗೆ ನಿಲ್ಲಿಸಲಿಲ್ಲ. ಇಡೀ ಓಣಿಯಲ್ಲಿ ಆಗ ತೆರೆದಿದ್ದದ್ದು ಆ ಕೊನೆಯ ಮನೆಯ ಬಾಗಿಲೊಂದೇ.