ಒಂದು ಗಂಟೆಯ ರಜೆ

"ಮಸೂದೆ ಪರವಾಗಿ ಮಾತಾಡೋರು ಇನ್ಯಾರಾದ್ರೂ ಇದ್ದೀರಾ?" ಶಾಸನಸಭೆಯ ಸಮಿತಿಯ ಅಧ್ಯಕ್ಷೆ ಆರ್ಡೆಲ್ ಕನ್ನಡಕದ ಮೇಲಿಂದ ನೋಡಿದರು. ಯಾರೂ ಏಳಲಿಲ್ಲ.

ಹಿಂದಿನ ಸಾಲಿನಲ್ಲಿ ಡಾರ್ಲಾ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ರಾಜ್ಯದ ನಿಯಂತ್ರಣ ಆಯೋಗದಲ್ಲಿ ಗ್ಯಾಸ್ ಪೈಪುಗಳ ತಪಾಸಣೆಗೆ ಇರುವವಳು ಅವಳೊಬ್ಬಳೇ. ಗ್ಯಾಸ್ ಕಂಪನಿಗಳಿಂದ ಇನ್ನಷ್ಟು ಶುಲ್ಕ ಪಡೆದು ಆಯೋಗಕ್ಕೆ ಇನ್ನಿಬ್ಬರನ್ನು ಕೊಡುವ ಮಸೂದೆ ಇದು. ಈಗಷ್ಟೇ ಕಂಪನಿಗಳ ವಕೀಲ, "ಆ ಹೆಣ್ಮಗಳು ಒಬ್ಬಳೇ ಇಷ್ಟು ಚೆನ್ನಾಗಿ ನೋಡ್ಕೋತಿರುವಾಗ ಇನ್ನಿಬ್ಬರು ಯಾಕೆ ಹೇಳಿ?" ಎಂದು ನಗುನಗುತ್ತಾ ಹೇಳಿ ಕೂತಿದ್ದ. ಹೊಗಳಿಕೆಯೇ ಕುತ್ತಿಗೆಗೆ ಬಂದಿತ್ತು.

"ನಾನು ಹೇಳ್ತೀನಿ ಲೈಲ್," ಪಕ್ಕದಲ್ಲಿದ್ದ ಮೇಲಧಿಕಾರಿಗೆ ಪಿಸುಗುಟ್ಟಿದಳು.

"ಸುಮ್ನೆ ಕೂತ್ಕೋ ಮಾರಾಯ್ತಿ. ನಾವು ಆಯೋಗದೋರು. ಅವರು ಕೇಳಿದ್ರೆ ಉತ್ತರ, ಕೇಳದಿದ್ರೆ ಮೌನ. ಪರ ಅಂತ ಬಾಯಿಬಿಟ್ಟೆಯೋ, ಕೆಲಸ ಹೋಯ್ತು."

"ಕೇಳೋಕೆ ಪುರುಸೊತ್ತೆಲ್ಲಿ? ಎಲ್ಲರೂ ಊಟದ ಹೊತ್ತು ನೋಡ್ತಿದಾರೆ."

ಬ್ಯಾಗಿನಿಂದ ರಜೆ ಚೀಟಿಯೊಂದನ್ನು ಹರಿದು, ಮೊಣಕಾಲ ಮೇಲಿಟ್ಟುಕೊಂಡು ಗೀಚಿದಳು: ಹನ್ನೊಂದರಿಂದ ಹನ್ನೆರಡು. ಕಾರಣ, ಸ್ವಂತ ಕೆಲಸ.

"ಇದೇನೇ ಇದು?"

"ರಜೆ. ರಜೆಯಲ್ಲಿರೋಳು ಆಯೋಗದೋಳಲ್ಲ. ಸಹಿ ಹಾಕು."

"ತಲೆ ಕೆಟ್ಟಿದೆ ನಿಂಗೆ."

ಚರ್ಚೆ ಮುಗಿಸಲು ಆರ್ಡೆಲ್ ಮರದ ಸುತ್ತಿಗೆ ಎತ್ತಿದರು. ಲೈಲ್ ಚೀಟಿಯತ್ತ ನೋಡದೆಯೇ ಸಹಿ ಗೀಚಿದ. ಡಾರ್ಲಾ ಕೊರಳ ಗುರುತಿನ ಚೀಟಿಯನ್ನು ಕಳಚಿ ಅವನ ಕೈಗೆ ತುರುಕಿ ಎದ್ದಳು.

"ಒಂದ್ನಿಮಿಷ ಮೇಡಂ!"

ಮಾತಾಡುವವರ ಹಾಳೆಯಲ್ಲಿ ಹೆಸರು ಬರೆದಳು. 'ಯಾರ ಪರವಾಗಿ' ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. 'ನನ್ನ ಪರವಾಗಿಯೇ' ಎಂದು ಬರೆದಳು.

"ಎರಡೇ ನಿಮಿಷ," ಎಂದರು ಆರ್ಡೆಲ್. ಮೇಜಿನ ಮೇಲೆ ಹಸಿರು ದೀಪ ಹೊತ್ತಿತು.

"ಬ್ರೆನ್ನೆಲ್ ಊರಿನ ಶಾಲೆ ಪೈಪು ನಾನು ಎರಡು ವರ್ಷದ ಹಿಂದೆ ನೋಡ್ಬೇಕಿತ್ತು. ಹೋಗೋಕಾಗಿದ್ದು ಮೊನ್ನೆ ಮಂಗಳವಾರ. ಅಡುಗೆಮನೆ ಕೆಳಗೆ ತುಕ್ಕು ತಿಂದು ಸಿಪ್ಪೆ ಥರ ಆಗಿತ್ತು. ಬೆರಳಿಟ್ರೆ ಪುಡಿ ಉದುರ್ತಿತ್ತು." ವಕೀಲನತ್ತ ತಿರುಗಿದಳು. "ನಾನು ಚೆನ್ನಾಗಿ ನೋಡ್ಕೊಂಡೆ ಅಂದ್ರಲ್ಲ, ನಾನಲ್ಲ. ನೋಡ್ಕೊಂಡಿದ್ದು ಅದೃಷ್ಟ."

ವಕೀಲ ಟೈ ಸರಿಮಾಡಿಕೊಂಡ. ಮೇಜಿನ ತುದಿಯಲ್ಲಿದ್ದ, ಓಸ್ಗಾರ್ಡ್ ಊರಿನಿಂದ ಆರಿಸಿಬಂದ ಸದಸ್ಯ ಗೆರ್ಹಾರ್ಟ್ ಮೊದಲ ಬಾರಿಗೆ ಕತ್ತೆತ್ತಿದರು. ದನ ಸಾಕಿ ಮುದುಕರಾದವರು, ಹೊಸ ಶುಲ್ಕ ಎಂದರೆ ಉರಿದುಬೀಳುವವರು.

"ನಮ್ಮ ಓಸ್ಗಾರ್ಡ್ ಯಾವಾಗ ನೋಡಿದ್ದಮ್ಮ?"

"ಇನ್ನೂ ಇಲ್ಲ ಸರ್. ಮುಂದಿನ ವರ್ಷ ಆಗಸ್ಟಿಗಿದೆ."

"ಅಲ್ಲೀವರೆಗೆ?"

ಡಾರ್ಲಾ ಬಾಯಿ ತೆರೆಯುವಷ್ಟರಲ್ಲಿ ಎರಡು ನಿಮಿಷ ಮುಗಿದಿತ್ತು. ಕೆಂಪು ದೀಪ ಹೊತ್ತಿತು. ವಕೀಲ ಅದರತ್ತ ಬೆರಳು ತೋರಿಸಿದ.

"ಕಾಣಿಸ್ತಿದೆಯಪ್ಪ, ನಂಗೂ ಕಣ್ಣಿದೆ," ಎಂದ ಗೆರ್ಹಾರ್ಟ್ ಅವಳ ಕಡೆ ತಿರುಗಿದರು. "ಇದು ನನ್ನ ಪ್ರಶ್ನೆ, ಇದಕ್ಕೆ ಹೊತ್ತಿನ ಲೆಕ್ಕ ಇಲ್ಲ. ನೋಡದೆ ಬಿಟ್ಟಿರೋ ಊರು ಇನ್ಯಾವುದೆಲ್ಲ ಇದೆ? ಹೇಳು."

ಪಟ್ಟಿ ಅವಳಿಗೆ ಬಾಯಿಪಾಠವಿತ್ತು. ಹೇಳತೊಡಗಿದಳು. ಒಂದೊಂದು ಊರಿನ ಹೆಸರಿಗೂ ಮೇಜಿನ ಸುತ್ತ ಒಂದೊಂದು ತಲೆ ಮೇಲೆದ್ದಿತು.